ಈ ಬ್ಯಾಸಗಿಯೊಳಗ ಉಲ್ಲನ್ ಹೆಣಿಯೋರು ಯಾರಾದ್ರೂ ಅದೀರೇನು?

ಉಲ್ಲನ್ ಉಂಡಿ (ಕೊಪ್ಪಳ ಕಡೆಯಾಕಿ)

ಎಲ್ಲಾರಿಗೂ ನಮಸ್ಕಾರ್ರಿ. ಮೊದ್ಲ ಹೇಳಿಬಿಡ್ತೀನಿ, ನಗಬ್ಯಾಡ್ರಿ. ನಾನು ಬಳ್ಳಾರ್ಯಾಗ ನೌಕರಿ ಮಾಡಾಕಿ, ಹುಡುಗ್ರಿಗೆ ಸೂಟಿ ಬಿಟ್ಟಾರಂತ ಹದಿನೈದು ದಿನ ರಜಾ ಹಾಕಿ ತವರುಮನಿಗೆ ಬಂದೀನಿ, ಯಲಬುರ್ಗಾ ಕಡೆ ಒಂದು ಹಳ್ಳಿ. ಬರೋವಾಗ ಚೀಲದಾಗ ಎರಡು ಸಾಮಾನು ಮರೀದಂಗ ಇಟ್ಕೊಂಡೆ, ಒಂದು ಉಲ್ಲನ್ನು ಕಡ್ಡಿ, ಇನ್ನೊಂದು ಒಂದೂವರಿ ವರ್ಷದಿಂದ ನೂರನೇ ಪುಟ ದಾಟದ ದಪ್ಪ ಕಾದಂಬರಿ. ತಂಗಿಗೆ ಶ್ರಾವಣದಾಗ ಹೆರಿಗಿ ಐತಿ, ಕೂಸಿಗೆ ಟೊಪಗಿ, ಕಾಲ್ಚೀಲ, ಟೈಮ್ ಸಿಕ್ಕ್ರ ಒಂದು ಕುಂಚಗಿ ಹೆಣೀಬೇಕಂತ ಆಸೆ.

ಆದ್ರ ಇಲ್ಲಿ ಹನ್ನೊಂದು ಗಂಟೆಗೆಲ್ಲಾ ಹೊರಗ ಕಾಲಿಡಾಕ ಆಗಲ್ಲ, ನಲವತ್ತರ ಮ್ಯಾಲೆ ಬಿಸಲು, ಕರೆಂಟ್ ಯಾವಾಗ ಬರತೈತಿ ಯಾವಾಗ ಹೋಗತೈತಿ ದೇವ್ರಿಗೇ ಗೊತ್ತು. ಮಾಳಿಗಿ ಮನಿ ಅಂತ ಪಡಸಾಲ್ಯಾಗ ಕುಂತ್ರ ಒಂದೀಟು ತಂಪೈತಿ ಖರೆ, ಆದ್ರೂ ಕೈ ಬೆವರತಾವ, ಉಲ್ಲನ್ ಕಡ್ಡಿಗೆ ಅಂಟಿ ಕಿರ್ ಕಿರ್ ಅಂತೈತಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹಾಕೋದ್ರಾಗ ಜೀವ ಹೈರಾಣ. ನಮ್ಮ ಚಿಗವ್ವ ಎದ್ರಿಗೇ ಕೌದಿ ಹರವಿಕೊಂಡು ಕುಂತಿರ್ತಾಳ, "ಒಲಿ ಮುಂದ ಕುಂತು ಕಂಬಳಿ ಹೊಚಗೊಂಡಂಗಾತು ನೋಡವಾ ನಿಂದು" ಅಂತ ಒಂದೇ ಸಮ ನಗತಾಳ.

ಅದ್ರ ಮ್ಯಾಲೆ ಇನ್ನೊಂದು ಭಾನಗಡಿ. ಯೂಟ್ಯೂಬಿನಾಗ ಅಮೆರಿಕದಾಕಿ ಒಬ್ಬಾಕಿ ವಿಡಿಯೋ ನೋಡಿ ಎಂಟು ನಂಬರ್ ಕಡ್ಡೀಲೆ ಟೊಪಗಿ ಹಾಕಿದೆ, ಆಕಿ ಹೇಳಿದಷ್ಟೇ ಹೊಲಿಗಿ (ಕಡ್ಡಿ ಮ್ಯಾಲಿನ ಕುಣಿಕಿ) ಏರಿಸಿದ್ದೆ, ಒಂದೂ ಹೆಚ್ಚಿಲ್ಲ ಕಡಿಮಿಲ್ಲ, ಮುಗಿದ ಮ್ಯಾಲೆ ನೋಡಿದ್ರ ಟೆಂಗಿನಕಾಯಿಗೆ ಸೈತ ಆಗವಲ್ದು. ಈಗ ಅದನ್ನ ಉಪ್ಪಿನಕಾಯಿ ಭರಣಿ ಮುಚ್ಚಳಕ್ಕ ತೊಡಿಸೀವಿ, ಭಾಳ ಚಂದ ಕಾಣತೈತಿ.

ಹಿಂಗಾಗಿ ಕೇಳಾಕತ್ತೀನಿ, ಈ ಸೆಖಿಗೆ ಯಾವ ದಾರ ಚಲೋ? ನಾಗೊಂದಿಗಿ ಮ್ಯಾಲಿನ ಟ್ರಂಕಿನಾಗ ಅಜ್ಜನ ಕಾಲದ್ದು ಒಂದು ಗಂಟು ಕರೇ ಉಣ್ಣಿ ನೂಲು ಸಿಕ್ಕೈತಿ, ಕಂಬಳಿ ನೇಯ್ಸಾಕ ಇಟ್ಟಿದ್ದಂತ, ಅದನ್ನ ಕೂಸಿನ ಕುಂಚಗಿಗೆ ಹಚ್ಚಬಹುದಾ? ಮತ್ತ ಕಾದಂಬರಿ ಓದ್ಕೋಂತ ಹೆಣಿಯೋದು ಹ್ಯಾಂಗ್ರಿ, ಎರಡೂ ಕೈ ಕಡ್ಡ್ಯಾಗ ಇರತಾವ, ಪುಟ ತಿರುವಾಕ ಮೂರನೇ ಕೈ ಎಲ್ಲಿಂದ ತರೋದು?

ಹತ್ತಿಗಿಡ (ರಾಯಚೂರು)

ನಗೂದಿಲ್ಲ ಬಿಡವಾ. ನಾನು ಹೈಸ್ಕೂಲಿನಾಗ ವಿಜ್ಞಾನ ಹೇಳಿ ರಿಟೈರ್ ಆದಾಕಿ, ಈಗ ಊಟ ಆದಮ್ಯಾಲೆ ಎರಡರಿಂದ ಐದರ ತನಕ ನಂದೂ ಇದೇ ಕೆಲಸ. ಚಳಿಗಾಲದಾಗ ಎಲ್ಲಿ ಟೈಮ್ ಸಿಗತದ, ಹೊಲ, ಜಾತ್ರಿ, ಮದುವಿ. ಕೈ ಖಾಲಿ ಇರೋದು ಬ್ಯಾಸಗಿ ಮಧ್ಯಾಹ್ನ ಒಂದೇ.

ನಿನ್ನ ದಾರದ ಲೇಬಲ್ ತಿರುವಿ ನೋಡು, ನೂರಕ್ಕ ನೂರು ಅಕ್ರಿಲಿಕ್ ಅಂತ ಇರತದ. ನಾವು ಬಾಯ್ಮಾತಿಗೆ ಉಲ್ಲನ್ ಅಂತೀವಿ, ಕುರಿಗೂ ಅದಕ್ಕೂ ಸಂಬಂಧ ಇಲ್ಲ, ಅದು ಒಂಥರಾ ಪ್ಲಾಸ್ಟಿಕ್. ಗಾಳಿಯೊಳಗಿನ ತೇವ ಹೀರೋ ಲೆಕ್ಕ ತಗೊಂಡ್ರ ಅಕ್ರಿಲಿಕ್ ತನ್ನ ತೂಕಕ್ಕ ನೂರಕ್ಕ ಒಂದೂವರಿ ಎರಡು ಅಷ್ಟೇ ಹಿಡೀತದ, ಹತ್ತಿ ಎಂಟೂವರಿ, ಖರೇ ಉಣ್ಣಿ ಹದಿನಾರರ ಸುತ್ತಮುತ್ತ. ಅಂದ್ರ ನಿನ್ನ ಕೈ ಬೆವರು ದಾರದೊಳಗ ಹೋಗಾಕ ಜಾಗನೇ ಇಲ್ಲ, ಮ್ಯಾಲೇ ನಿಂತು ಕಡ್ಡಿಗೆ ಅಂಟತದ. ಅದಕ್ಕ ಹತ್ತಿ ದಾರ ತಗೋ. ಅಂಗಡ್ಯಾಗ ನಿಟಿಂಗ್ ಕಾಟನ್ ಅಂತ ಕೇಳು, ನಾಲ್ಕು ಎಳೀದು. ಕ್ರೋಶಾ ದಾರ (ಕೊಕ್ಕಿ ಕಡ್ಡೀಲೆ ಲೇಸ್ ಹಾಕೋದು) ಕೊಟ್ರ ತರಬ್ಯಾಡ, ಅದು 20, 40 ನಂಬರ್ ಇರತದ, ನಂಬರ್ ಏರಿದಂಗ ದಾರ ಸಣ್ಣಾಗತದ, ಅದರಾಗ ಕೂಸಿನ ಟೊಪಗಿ ಹಾಕ್ಕೋಂತ ಕುಂತ್ರ ಕೂಸು ಸಾಲಿಗೆ ಹೋಗೋ ಹೊತ್ತಿಗೆ ಮುಗೀತದ. ಮಿಂಚೋ ಹತ್ತಿ ದಾರಕ್ಕ ಮರ್ಸರೈಸ್ಡ್ ಅಂತಾರ, ಜಾನ್ ಮರ್ಸರ್ ಅನ್ನೋ ಇಂಗ್ಲಿಷಿನವ 1850ರಾಗ ಪೇಟೆಂಟ್ ತಗೊಂಡ, ಕಾಸ್ಟಿಕ್ ಸೋಡಾದಾಗ ಅದ್ದಿದ್ರ ನೂಲು ಉಬ್ಬಿ ಗಟ್ಟಿ ಆಗತದ. ತೋರಣಕ್ಕ ಅದು ಚಲೋ, ಕೂಸಿಗೆ ಸಾದಾದ್ದೇ ಮೆತ್ತಗ.

ಟೊಪಗಿ ಸಣ್ಣ ಆಗಿದ್ದು ನಿನ್ನ ತಪ್ಪಲ್ಲ. ನಮ್ಮ ಅಂಗಡ್ಯಾಗ ಸಿಗೋದು ಹಳೇ ಬ್ರಿಟಿಷ್ ನಂಬರಿನ ಕಡ್ಡಿ, ಎಂಟು ನಂಬರ್ ಅಂದ್ರ 4 ಮಿಲಿಮೀಟರ್, ಹತ್ತು ಅಂದ್ರ 3.25, ಹನ್ನೆರಡು 2.75. ನಂಬರ್ ಏರಿದಂಗ ಕಡ್ಡಿ ಸಣ್ಣ. ಅಮೆರಿಕದ್ದು ಉಲ್ಟಾ, ನಂಬರ್ ಏರಿದಂಗ ದಪ್ಪ, ಅವರ ಎಂಟು 5 ಮಿಲಿಮೀಟರ್. ಆಕಿ 5ರಾಗ ಹಾಕಿದ್ದನ್ನ ನೀ 4ರಾಗ ಹಾಕೀದಿ. ಇನ್ನ ಮುಂದ ನಂಬರ್ ಕೇಳಲೇಬ್ಯಾಡ, ಮಿಲಿಮೀಟರ್ ನೋಡು.

ಅದಕ್ಕಿಂತ ಮೊದ್ಲ ಅಂಗೈಯಷ್ಟು ಒಂದು ತುಣುಕು ಹೆಣದು ಸ್ಕೇಲ್ ಇಟ್ಟು 10 ಸೆಂಟಿಮೀಟರಿಗೆ ಎಷ್ಟು ಹೊಲಿಗಿ ಬಂದ್ವು ಎಣಿಸು. ಹುಟ್ಟಿದ ಕೂಸಿನ ತಲಿ ಸುತ್ತಳತಿ 35 ಸೆಂಟಿಮೀಟರ್ ಹತ್ರ ಇರತದ, ಟೊಪಗಿ ಅದಕ್ಕಿಂತ ಎರಡು ಕಡಿಮಿ ಇದ್ರ ತಲಿಗೆ ಕೂಡತದ. 22 ಹೊಲಿಗಿ ಬಂದಿದ್ರ 22 ಗುಣಿಸು 33 ಭಾಗಿಸು 10, 72.6. 72 ಏರಿಸು, ಯಾಕಂದ್ರ ಎರಡು ಸೀದಾ ಎರಡು ಉಲ್ಟಾ ಅಂಚು ಹಾಕಾಕ ನಾಲ್ಕರಿಂದ ಭಾಗ ಹೋಗಬೇಕು. ಹತ್ತಿ ಉಣ್ಣಿಯಂಗ ಜಗ್ಗಿ ತಿರುಗಿ ಕೂಡೂದಿಲ್ಲ, ಹಂಗಾಗಿ ಆ ಅಂಚು ಮೂರು ಬೆರಳಷ್ಟಾದ್ರೂ ಬಿಡು.

(ಸುಮ್ನ ಒಂದು ಮಾತು. ನಮ್ಮೂರ ಮಾರ್ಕೆಟ್ಟಿಗೆ ಸುಗ್ಗ್ಯಾಗ ಗಾಡಿ ಗಾಡಿ ಹತ್ತಿ ಬರತದ, ರೋಡಿನ ತುಂಬ ಬೆಳ್ಳಗ ಹಾರಾಡತದ. ಅದೇ ಊರಾಗ ನಾಲ್ಕು ಉಂಡಿ ಹತ್ತಿ ದಾರ ಬೇಕಂದ್ರ ನಾನು ತಮಿಳುನಾಡಿಂದ ಬಂದದ್ದನ್ನ ಕೊಳ್ಳಬೇಕು.)

ಜೀನ್ಸ್ ಚಿಂದಿ (ಬಳ್ಳಾರಿ)

ಅಕ್ಕಾ ನಾನು ಗಂಡಸು, ಜೀನ್ಸ್ ಹೊಲಿಯೋ ಯೂನಿಟ್‌ನಾಗ ಕಟಿಂಗ್ ಕೆಲಸ, ಹೆಣಿಯೋದು ಕಲ್ತಿದ್ದು ಲಾಕ್‌ಡೌನಲ್ಲಿ, ಮನ್ಯಾಗ ಯಾರಿಗೂ ಹೇಳಿಲ್ಲ ಅಂತ ಬರೀಬೇಕಂತಿದ್ದೆ ಆದ್ರೆ ಎಲ್ಲರಿಗೂ ಗೊತ್ತೈತೆ, ನಮ್ಮ ಅತ್ತೆ ನನ್ನ ಕೈಲೇ ಟಿವಿ ಮೇಲಿನ ಕವರ್ ಹಾಕಿಸ್ಕೊಂಡವ್ರೆ.

ಓದೋದಕ್ಕೆ ಒಂದು ಉಪಾಯ ಹೇಳ್ತೀನಿ. ನಿಮ್ಮ ಮನ್ಯಾಗ ವ್ಯಾಸಪೀಠ ಐತಾ? ಪುರಾಣ ಓದೋಕೆ ಇಡ್ತಾರಲ್ಲ, ಕತ್ರಿ ಹಂಗ ತಗೆಯೋ ಕಟ್ಟಿಗೆದು. ನಮ್ಮಜ್ಜಿದು ಮೂಲ್ಯಾಗ ಬಿದ್ದಿತ್ತು, ತಂದು ಅದ್ರ ಮೇಲೆ ಪುಸ್ತಕ ಬಿಚ್ಚಿಟ್ಟು ಎರಡೂ ಕಡೆ ಬಟ್ಟೆ ಕ್ಲಿಪ್ ಹಾಕಿಬಿಟ್ಟೆ. ನೆಲದ ಮೇಲೆ ಚಕ್ಲಮಕ್ಲ ಹಾಕ್ಕೊಂಡು ಕುಂತ್ರೆ ಪುಸ್ತಕ ಸರಿಯಾಗಿ ಕಣ್ಣಿಗೆ ಸಿಗ್ತೈತೆ. ಎರಡು ಪುಟಕ್ಕೊಂದ್ಸಲ ಕ್ಲಿಪ್ ತಗೀಬೇಕು, ಆ ಹೊತ್ತಿಗೆ ಒಂದು ಸಾಲೂ ಮುಗಿದಿರ್ತೈತೆ. ಆದ್ರೆ ಓದ್ತಾ ಹಾಕೋದಾದ್ರೆ ಬರೀ ಸೀದಾ ಹಾಕೋ ಕೆಲಸ ಇಟ್ಕೊಳ್ಳಿ, ಮಫ್ಲರ್ ಅಂಥದ್ದು. ಡಿಸೈನ್ ಇರೋದ್ರಾಗ ಓದೋಕೆ ಹೋದ್ರೆ ಕಥೆನೂ ಕೆಡ್ತೈತೆ ಹೆಣಿಗೆನೂ ಕೆಡ್ತೈತೆ. ಮೊಬೈಲಲ್ಲೂ ಓದಿ ನೋಡಿದ್ದೀನಿ, ಮೂಗಿಂದ ಸ್ಕ್ರೀನ್ ತಳ್ಳಬೇಕಾಗ್ತೈತೆ, ಮಗಳು ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿಬಿಟ್ಲು, ಆಮೇಲೆ ಬಿಟ್ಟೆ.

ಆದ್ರೆ ಖರೆ ಹೇಳ್ಬೇಕಂದ್ರೆ ಚಿಕ್ಕೋನಿದ್ದಾಗ ನಮ್ಮಜ್ಜಿ ಊರಾಗ ಇದಕ್ಕೆಲ್ಲ ಬೇರೆನೇ ದಾರಿ ಇತ್ತು. ಮಧ್ಯಾಹ್ನ ಕಟ್ಟೆ ಮೇಲೆ, ಬೇವಿನ ಗಿಡದ ನೆಳ್ಳಾಗ, ಓದೋಕೆ ಬರೋದು ಒಬ್ಬಾಕಿಗೆ, ಆಕಿ ಜೋರಾಗಿ ಓದಾಕಿ, ಉಳಿದೋರು ಯಾರು ಕೌದಿ, ಯಾರು ವಾಯರ್ ಬುಟ್ಟಿ, ಯಾರು ಬರೀ ಹುಣಸೆಹಣ್ಣು ಬಿಡಿಸೋದು. ಯಾರಿಗೂ ಮೂರನೇ ಕೈ ಬೇಕಾಗಿರ್ಲಿಲ್ಲ. ನೀವು ಓದಿ ನಿಮ್ಮ ಚಿಗವ್ವ ಕೇಳ್ಲಿ, ನಗೋದು ನಿಲ್ತೈತೆ ನೋಡಿ.

ಕರಿಕಂಬಳಿ (ಕುಷ್ಟಗಿ)

ಟ್ರಂಕಿನ ನೂಲಿನ ಬಗ್ಗೆ ಯಾರೂ ಹೇಳಲಿಲ್ಲ, ನಾ ಹೇಳ್ತೀನಿ, ನಮ್ಮದು ಕುರಿ ಸಾಕಿದ ಮನಿತನ.

ಮೊದ್ಲ ಆ ನೂಲು ಕೂಸಿಗೆ ಬ್ಯಾಡ. ಚುಚ್ಚತೈತಿ. ನಮ್ಮ ಕಡೆ ಕರೇ ಉಣ್ಣಿ ಒರಟು, ಅದು ಮಳಿ ತಡಿಯಾಕ ಇರೋದು, ಕೂಸಿನ ಕೆನ್ನಿಗೆ ಅಲ್ಲ. ದೊಡ್ಡ ಮಂದಿ ಸೈತ ಕಂಬಳಿ ಹೊಚಗೋಬೇಕಾದ್ರ ಒಳಗ ಧೋತರ ಹಾಕ್ಕೋತಾರ. ಆದ್ರ ಚೆಲ್ಲಬ್ಯಾಡ್ರಿ, ಈಗ ಅಂಥಾ ನೂಲು ಸಿಗಾಕಿಲ್ಲ. ಈಗ ನಮ್ಮ ಭಾಗದಾಗ ನೋಡ್ರಿ, ರಾಯಚೂರು ಕೊಪ್ಪಳ ಕಡೆ ಹೆಚ್ಚು ಇರೋದು ಕೆಂಗುರಿ, ಅದಕ್ಕ ಕೂದಲ ಇರತೈತಿ ಉಣ್ಣಿ ಇರಲ್ಲ, ಮಟನ್‌ಗೆ ಅಂತ ಸಾಕತಾರ. ಉಣ್ಣಿ ಬರೋದು ದಖ್ಖನಿ ಕುರಿಗೆ, ಆಮ್ಯಾಲೆ ಬಳ್ಳಾರಿ ಅಂತ ಹೆಸರಿರೋ ತಳಿನೇ ಒಂದು ಐತಿ, ಅದಕ್ಕ. ವರ್ಷಕ್ಕ ಎರಡು ಸರ್ತಿ ಕತ್ತರಿಸ್ತಾರ. ನಮ್ಮಪ್ಪ ಹೇಳ್ತಿದ್ದ, ಮೊದ್ಲ ಉಣ್ಣಿ ಮಾರಿ ಕತ್ತರಸೋರಿಗೆ ಕೂಲಿ ಕೊಟ್ಟು ಮ್ಯಾಲೆ ಉಳೀತಿತ್ತಂತ, ಈಗ ನಾವು ಕೈಯಾರೆ ಕೂಲಿ ಕೊಟ್ಟು ಉಣ್ಣಿ ಬದುವಿನ ಮ್ಯಾಲೆ ಚೆಲ್ಲಿ ಬರ್ತೀವಿ.

ನೂಲು ತಗದು ಕೈಯಾಗ ಹಿಡ್ರಿ. ಕಡ್ಡಿಯಂಗ ಬಿರುಸೈತಿ ಅಂದ್ರ ಗಂಜಿ ಹಾಕಿದ್ದು, ಹುಣಸಿಬೀಜ ಹುರದು ನೆನಸಿ ಅರದು ಕುದಿಸಿ ಮಗ್ಗದ ಉದ್ದೆಳಿ ನೂಲಿಗೆ ಬಳೀತಾರ, ಮಗ್ಗದ ಮ್ಯಾಲೆ ನೂಲು ಹರೀಬಾರದಂತ. ಅದನ್ನ ರಾತ್ರಿ ಪೂರಾ ನೀರಾಗ ನೆನಸಿಟ್ರ ಬಿಡತೈತಿ. ಮೆತ್ತಗ ಇದ್ರ ಬರೀ ನೂತಿಟ್ಟಿದ್ದು. ಒಂದು ಮೊಳ ಜಗ್ಗಿ ನೋಡ್ರಿ, ಪಟ್ ಪಟ್ ಅಂತ ಹರದ್ರ ನುಸಿ ತಿಂದೈತಿ ಅಂತ ಲೆಕ್ಕ. ಚಲೋ ಇದ್ರ ಮೊದ್ಲ ಎರಡು ದಿನ ಕಡಕ್ ಬಿಸಲಾಗ ಹಾಕಿ ಝಾಡಿಸ್ರಿ, ಈ ಬಿಸಲಿಗೆ ಹುಳ ಉಳಿಯಲ್ಲ, ನಮ್ಮ ಬಿಸಲು ಎದಕ್ಕಾದ್ರೂ ಉಪಯೋಗ ಆಗಲಿ. ಒಗಿಯೋವಾಗ ಉಗುರುಬೆಚ್ಚಗಿನ ನೀರು, ಅಂಟವಾಳ ಕಾಯಿ ನೊರಿ, ಅದ್ದಿ ಅದ್ದಿ ತಗೀಬೇಕು ಅಷ್ಟೇ, ತಿಕ್ಕಬಾರದು. ಉಣ್ಣಿ ಎಳಿ ಮ್ಯಾಲೆ ಮೀನಿನ ಮೈಯಂಗ ಸಣ್ಣ ಸಣ್ಣ ಪೊರಿ ಇರತಾವ, ಬಿಸಿ ನೀರಾಗ ತಿಕ್ಕಿದ್ರ ಒಂದಕ್ಕೊಂದು ಸಿಗಹಾಕ್ಕೊಂಡು ಬಿಗದು ರೊಟ್ಟಿ ಆಗಿಬಿಡತೈತಿ, ತಿರುಗಿ ಬಿಚ್ಚಾಕ ಬರಲ್ಲ. ನೆಳ್ಳಾಗ ಹರವಿ ಒಣಗಸ್ರಿ, ಹಗ್ಗದ ಮ್ಯಾಲೆ ಜೋತು ಹಾಕಬ್ಯಾಡ್ರಿ.

ಅದ್ರಾಗ ಒಂದು ಚೀಲ ಹಾಕ್ರಿ, ಇಲ್ಲ ಕುಂದ್ರೋ ಆಸನ. ಅಜ್ಜನ ನೂಲು ಅಂದ್ರ ಯಾರ ಕುರೀದೋ, ಯಾವ ಮಳೀಗೆ ನೂತಿದ್ದೋ. ಚಿಗವ್ವನ್ನ ಕೇಳ್ರಿ, ಆಕಿಗೆ ಗೊತ್ತಿರತೈತಿ.

ಬಿಳಿ ಕೋಟು (ಸಿಂಧನೂರು)

ನಾನು ನರ್ಸ್ ಅಕ್ಕಾ, ಹೆರಿಗಿ ವಾರ್ಡಿನಾಗೇ ಇರೋದು. ಹೆಣಿಯಾಕ ಬರಲ್ಲ, ಆದ್ರ ಎರಡು ಮಾತು ಹೇಳ್ದೆ ಹೋದ್ರ ಸಮಾಧಾನ ಆಗಲ್ಲ.

ಹುಟ್ಟಿದ ಕೂಡ್ಲೆ ಟೊಪಗಿ ಬೇಕೇ ಬೇಕು, ಒದ್ದಿ ತಲಿ ಬೇಗ ತಣ್ಣಗಾಗತದ. ಆಮ್ಯಾಲೆ ಮನ್ಯಾಗ ಮಲಗಿಸೋವಾಗ ತಗೀರಿ. ನಮ್ಮ ಕಡೆ ಕೂಸಿಗೆ ಟೊಪಗಿ, ಕುಂಚಗಿ, ಮ್ಯಾಲೆ ಕೌದಿ, ಕಿಟಕಿ ಬಂದ್, ಬಾಣಂತಿ ಕೆಂಡ, ಎಲ್ಲಾ ಒಂದೇ ಸಲ. ಕೂಸು ಕೆಂಪಗಾಗಿ ಅಳಾಕತ್ರ ದೃಷ್ಟಿ ಆಗ್ಯಾದ ಅಂತ ಉಪ್ಪು ನಿವಾಳಸ್ತಾರ, ಟೊಪಗಿ ಮಾತ್ರ ತಗಿಯಾಂಗಿಲ್ಲ. ಸೆಖಿ ಆಗ್ಯಾದೇನು ಅಂತ ನೋಡಬೇಕಂದ್ರ ಕೈಕಾಲು ಮುಟ್ಟಬ್ಯಾಡ್ರಿ, ಅವು ತಣ್ಣಗೇ ಇರತಾವ, ಎದಿ ಇಲ್ಲಾ ಕುತ್ತಿಗಿ ಹಿಂದ ಕೈ ಇಡ್ರಿ.

ಇನ್ನೊಂದು, ಕಾಲ್ಚೀಲ ಹೆಣದ ಮ್ಯಾಲೆ ಉಲ್ಟಾ ಮಾಡಿ ಒಳಗ ದಾರದ ತುದಿ, ಕುಣಿಕಿ ಏನೂ ಉಳಿದಿಲ್ಲ ಅಂತ ನೋಡ್ರಿ. ಸಣ್ಣ ಎಳಿ ಕೂಸಿನ ಬೆರಳಿಗೆ ಸುತ್ತಿಕೊಂಡ್ರ ರಕ್ತ ನಿಂತುಬಿಡತದ, ಕೂಸಿಗೆ ಬಾಯಿ ಇರಲ್ಲ, ಬರೀ ಅಳತದ. ಕುತ್ತಿಗಿಗೆ ಉದ್ದನ್ನ ದಾರ ಕಟ್ಟೋದೂ ಬ್ಯಾಡ, ಗುಂಡಿ ಹಚ್ರಿ, ಜಗ್ಗಿದ್ರ ಬರದಂಗ ಗಟ್ಟಿಯಾಗಿ.

ಹಳೇ ಸೀರಿ (ಮಾನ್ವಿ)

ನಂದೊಂದು ಅಡ್ಡಮಾತು. ಶ್ರಾವಣದ ಕೂಸಿಗೆ ಹೆಣಿಗಿ ಯಾಕ್ರಿ, ಹಳೇ ಸೀರಿಯಾಗ ಸಣ್ಣ ಕೌದಿ ಹೊಲೀರಿ. ನೂರು ಸಲ ಒಗದು ಹತ್ತಿ ಬೆಣ್ಣಿಯಂಗ ಆಗಿರತದ, ಯಾವ ದಾರದ ಉಂಡಿಗೂ ಆ ಮೆತ್ತಗಿನ ಗುಣ ಬರಾಂಗಿಲ್ಲ, ರೊಕ್ಕನೂ ಬ್ಯಾಡ. ಎಲ್ಲಾ ಬಿಟ್ಟು ಪ್ಲಾಸ್ಟಿಕ್ ದಾರದ ತೋರಣ, ಆರತಿ ತಾಟಿನ ಕವರು, ಫೋನಿಗೊಂದು ಟೊಪಗಿ. ನನಗ ಸೇರಾಂಗಿಲ್ಲ.

ಹತ್ತಿಗಿಡ (ರಾಯಚೂರು)

@ಹಳೇ ಸೀರಿ, ಕೌದಿ ಬ್ಯಾಡ ಅಂತ ಯಾರು ಅಂದ್ರು? ಕೌದಿಗೆ ನೆಲ ಬೇಕು, ನಾಲ್ಕು ಮಂದಿ ಬೇಕು, ಎದ್ದು ಹೋದ್ರ ಹರವಿದ್ದು ಹರವಿದಂಗೇ ಇರತದ. ಹೆಣಿಗಿ ಬಸ್ಸಿನಾಗೂ ಆಗತದ. ನಾನು ರಾಯಚೂರಿಂದ ಲಿಂಗಸೂಗೂರಿಗೆ ಹೋಗೋದ್ರಾಗ ಒಂದು ಕಾಲ್ಚೀಲ ಮುಗಿಸೀನಿ. ಕಂಡಕ್ಟರ್ ಇಳಿಯೋವಾಗ "ಎರಡನೇದ್ದು ವಾಪಸ್ ಬರೋವಾಗೇನ್ರಿ ಟೀಚರ್" ಅಂದ.

ಉಲ್ಲನ್ ಉಂಡಿ (ಕೊಪ್ಪಳ ಕಡೆಯಾಕಿ)

ಎಲ್ಲಾರಿಗೂ ಭಾಳ ಥ್ಯಾಂಕ್ಸ್. ನಾಲ್ಕು ದಿನ ಆತು, ಏನೇನಾತು ಹೇಳ್ತೀನಿ ಕೇಳ್ರಿ.

ಕೊಪ್ಪಳಕ್ಕ ಹೋಗಿ ಫಾಲ್ಸು, ಲೇಸು, ಗುಂಡಿ ಮಾರೋ ಅಂಗಡ್ಯಾಗ ಕೇಳಿದೆ. "ಬ್ಯಾಸಗ್ಯಾಗ ಉಲ್ಲನ್ ಯಾರು ಒಯ್ತಾರ್ರಿ, ದೀಪಾವಳಿಗೆ ಬರ್ರಿ" ಅಂದ. ಉಲ್ಲನ್ ಅಲ್ಲಪಾ ಹತ್ತೀದು ಅಂದ ಮ್ಯಾಲೆ ಒಳಗ ಹೋಗಿ ಧೂಳ ಹೊಡದು ಐದು ಉಂಡಿ ತಂದ, ಮೂರು ಬಿಳೀವು, ಎರಡು ಅರಿಷಿಣ ಬಣ್ಣದ್ದು. ಟೀಚರ್ ಹೇಳಿದಂಗ ತುಣುಕು ಹೆಣದು ಅಳದೆ, 10 ಸೆಂಟಿಮೀಟರಿಗೆ ನಂಗ 21 ಬಂದ್ವು, ಲೆಕ್ಕ ಹಾಕಿ 68 ಏರಿಸಿದೆ. ಕೈ ಬೆವರಿದ್ರೂ ದಾರ ಸರಾಗ ಜಾರತೈತಿ, ಕಿರ್ ಅನ್ನೋದು ನಿಂತೈತಿ. ಒಂದು ಉಂಡಿ ಮಾತ್ರ ಹೋತು, ಅಂಗಳದಾಗ ಉರುಳಿದ್ದನ್ನ ಆಡಿನ ಮರಿ ಅರ್ಧ ಅಗದಿತ್ತು, ಬಾಯಿಂದ ಜಗ್ಗಿದ್ರ ಶಾವಿಗಿ ಬಂದಂಗ ಬರಾಕತ್ತು, ಬರಾಕತ್ತು, ಮುಗಿಯಾವಲ್ದು. ಅಕ್ರಿಲಿಕ್ ಉಂಡಿ ಬಾಜೂಕೇ ಬಿದ್ದಿತ್ತು, ಅದನ್ನ ಮೂಸಿ ಬಿಟ್ಟಿತ್ತು.

ಕರೇ ನೂಲಿಗೆ ಗಂಜಿ ಹಾಕಿಲ್ಲ, ನುಸೀನೂ ಹಿಡದಿಲ್ಲ, ಗಂಟಿನಾಗ ಒಣಗಿದ ಬೇವಿನ ಎಲಿ ತುಂಬಿದ್ರು. ಚಿಗವ್ವನ್ನ ಕೇಳಿದೆ. ನೂತಿದ್ದು ನಮ್ಮಜ್ಜಿ ಅಂತ, ಆಕಿ ನೂಲೋದು ಕಂಡ ನೆನಪು ಚಿಗವ್ವಗ ಐತಿ, ದನ ಕಾಯ್ಕೋಂತ ನಿಂತಲ್ಲೇ ಕದರು ತಿರುವಾಕಿ ಅಂತ. ನನಗ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ವ್ಯಾಸಪೀಠ ದೇವ್ರಮನ್ಯಾಗ ಇತ್ತು. ಅವ್ವ ಕೊಡಾಕ ಒಲ್ಲೆ ಅಂದ್ಲು, ಅದ್ರ ಮ್ಯಾಲೆ ಕಾದಂಬರಿ ಇಡ್ತೀಯೇನ ಅಂತ. ಕೊನಿಗೆ ಒಂದು ವಸ್ತ್ರ ಹಾಸಿ ಇಡು ಅಂತ ಒಪಗೊಂಡ್ಲು. ಮೊದಲನೇ ದಿನ ಮನಸಿನಾಗೇ ಓದಿದೆ. ಎರಡನೇ ದಿನ ಬಳ್ಳಾರಿ ಅಣ್ಣ ಹೇಳಿದಂಗ ಜೋರಾಗಿ ಓದಾಕ ಶುರು ಮಾಡಿದೆ, ಚಿಗವ್ವ ಕೇಳದಂಗ ಮಾಡ್ಕೋಂತ ಕೌದಿ ಹೊಲಿಯಾಕತ್ತಿದ್ಲು. ಅರ್ಧ ತಾಸಿನ ಮ್ಯಾಲೆ ನೋಡ್ತೀನಿ, ಸೂಜಿ ನಿಂತೈತಿ. "ಆ ಮುದುಕಗ ಇಷ್ಟು ತಿಳೀಲಿಲ್ಲೇನು, ಹೊಲ ಬರಕೊಡಬಾರದಿತ್ತು" ಅಂದ್ಲು. ಮೂರನೇ ದಿನ ಬಾಜೂಮನಿ ಕಾಕು ಅಕ್ಕಿ ಆರಿಸೋ ಮೊರ ತಗೊಂಡು ಬಂದು ಕುಂತ್ಲು, ನಿನ್ನೆ ಇನ್ನಿಬ್ಬರು. ಈಗ ನಾ ಹೆಣಿಯಾಕ ಕಡ್ಡಿ ಹಿಡದ್ರ "ಅದನ್ನ ಕೆಳಗ ಇಡ, ಓದು ಮೊದ್ಲ" ಅಂತ ಬೈತಾರ. ಟೊಪಗಿ ಹದಿನೆಂಟು ಸಾಲಿಗೆ ನಿಂತೈತಿ, ಕಾದಂಬರಿ ಮಾತ್ರ ಇನ್ನೂರು ಪುಟ ದಾಟೇತಿ.

ಓದೋ ಭರದಾಗ ಒಂದು ಹೊಲಿಗಿ ಜಾರಿ ನಾಲ್ಕು ಸಾಲು ಕೆಳಗ ಇಳದೈತಿ, ಈಗ ಕಂಡಿತು. ಪೂರಾ ಬಿಚ್ಚಬೇಕಾ?

ಹತ್ತಿಗಿಡ (ರಾಯಚೂರು)

ಬಿಚ್ಚಬ್ಯಾಡ! ಕ್ರೋಶಾ ಕಡ್ಡಿ ತಗೋ. ಸೀದಾ ಕಡೆ ನಿನ್ನ ಮುಂದ ಇರ್ಲಿ. ಜಾರಿದ ಕುಣಿಕಿ ಮ್ಯಾಲೆ ಏಣಿ ಮೆಟ್ಟಲಂಗ ನಾಲ್ಕು ಅಡ್ಡ ದಾರ ಕಾಣತಾವ ನೋಡು. ಕುಣಿಕಿಯೊಳಗ ಕಡ್ಡಿ ಹಾಕಿ ಮೊದಲನೇ ಮೆಟ್ಟಲ ಹಿಡದು ಮುಂದಕ ಎಳಿ, ಮತ್ತ ಅದ್ರೊಳಗಿಂದ ಎರಡನೇದ್ದು, ಹಂಗ ನಾಲ್ಕೂ ಹತ್ತಿ ಮ್ಯಾಲಿನ ಕಡ್ಡಿಗೆ ಏರಿಸು. ಮೆಟ್ಟಲ ಬಿಟ್ಟು ಹತ್ತಬ್ಯಾಡ ಮತ್ತ, ಅಲ್ಲೊಂದು ತೂತು ಉಳೀತದ. ಕ್ರೋಶಾ ಕಡ್ಡಿ ಇಲ್ಲಂದ್ರ ಹೇರ್‌ಪಿನ್ ಬಗ್ಗಿಸಿದ್ರೂ ನಡೀತದ.

ಉಲ್ಲನ್ ಉಂಡಿ (ಕೊಪ್ಪಳ ಕಡೆಯಾಕಿ)

ಹೇರ್‌ಪಿನ್ನಿಲೇ ಎತ್ತಿದೆ ಟೀಚರ್, ಕೂಡೇತಿ. ಒಂದು ಕಡೆ ಸ್ವಲ್ಪ ಜಗ್ಗಿದಂಗ ಕಾಣತೈತಿ, ಒಗದ್ರ ಸರಿ ಆಗಬಹುದು. ಕರೆಂಟ್ ಹೋತು, ಪಡಸಾಲ್ಯಾಗ ಎಲ್ಲಾರೂ ಬಂದು ಕುಂತಾರ, ಚಿಗವ್ವ ಕನ್ನಡಕ ಒರಸ್ಕೋಂತ ಕರಿಯಾಕತ್ತಾಳ, ಪುಟ 213 ಅಂತ ಆಕಿಗೇ ನೆನಪೈತಿ. ಹೋಗಿ ಬರ್ತೀನಿ.